ಹೆಸರು ಬರೆದು ಗೆಲ್ಲಿಸಿದವರು: ಅಲಾಸ್ಕಾದ ಒಂದು ಸೆನೆಟ್ ಸ್ಥಾನದ ಕಥೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಚುನಾವಣೆ ಅಂದ ಕೂಡಲೇ ನಮಗೆ ನೆನಪಾಗುವುದು ಅಧ್ಯಕ್ಷರ ಚುನಾವಣೆ. ನಾಲ್ಕು ವರ್ಷಕ್ಕೊಮ್ಮೆ ನಮ್ಮ ಟಿವಿಗಳಲ್ಲೂ ಅದರದೇ ಗದ್ದಲ. ಆದರೆ ಆ ದೇಶದ ಮತದಾರನನ್ನು ಹತ್ತಿರದಿಂದ ನೋಡಬೇಕು ಅಂದರೆ ರಾಜ್ಯಗಳ ಒಳಗೆ ಇಳಿಯಬೇಕು. ಅದಕ್ಕೇ ಇವತ್ತು ನಾನು ಒಂದೇ ರಾಜ್ಯದ, ಒಂದೇ ಸೆನೆಟ್ ಸ್ಥಾನದ ಬಗ್ಗೆ ಮಾತಾಡುತ್ತೇನೆ. ರಾಜ್ಯ ಅಲಾಸ್ಕಾ. ಸೆನೆಟರ್ ಲೀಸಾ ಮರ್ಕೌಸ್ಕಿ. ವರ್ಷ 2010. ಆಮೇಲೆ 2022ಕ್ಕೂ ಬರುತ್ತೇನೆ, ಯಾಕೆಂದರೆ ಮೊದಲನೆಯದು ಪೂರ್ತಿ ಅರ್ಥವಾಗುವುದು ಎರಡನೆಯದನ್ನು ನೋಡಿದಾಗ.

ಮೊದಲು ಸೆನೆಟ್ ಅಂದರೆ ಏನು ಅಂತ ಎರಡು ಮಾತು. ಒಟ್ಟು 100 ಸದಸ್ಯರು. ರಾಜ್ಯ ದೊಡ್ಡದಿರಲಿ, ಚಿಕ್ಕದಿರಲಿ, ಒಂದಕ್ಕೆ ಇಬ್ಬರು. ಅವಧಿ ಆರು ವರ್ಷ. ನಮ್ಮ ರಾಜ್ಯಸಭೆಗೆ ಶಾಸಕರು ಮತ ಹಾಕುತ್ತಾರೆ ಅಲ್ವಾ, ಅಲ್ಲೂ ಮೊದಲು ಹಾಗೇ ಇತ್ತು. 1913ರಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿ ಬಂದ ಮೇಲೆ ಸೆನೆಟರನ್ನು ಜನರೇ ನೇರವಾಗಿ ಆರಿಸುತ್ತಾರೆ. ಕೋಟಿಗಟ್ಟಲೆ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ, ಅಲಾಸ್ಕಾಕ್ಕೂ ಇಬ್ಬರೇ.

ಅಲಾಸ್ಕಾದಲ್ಲಿ 2010ರ ಜನಗಣತಿಯ ಪ್ರಕಾರ ಇದ್ದದ್ದು ಸುಮಾರು 7 ಲಕ್ಷ 10 ಸಾವಿರ ಜನ. ನಮ್ಮ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆಗಿಂತ ಕಡಿಮೆ. ಆದರೆ ವಿಸ್ತಾರ ಸುಮಾರು 17 ಲಕ್ಷ ಚದರ ಕಿಲೋಮೀಟರ್. ಅಂದರೆ ಕರ್ನಾಟಕದಂಥ ಹೆಚ್ಚುಕಡಿಮೆ ಒಂಬತ್ತು ರಾಜ್ಯ ಅದರೊಳಗೆ ಹಿಡಿಯುತ್ತವೆ. ರಾಜಧಾನಿ ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ದೋಣಿ ಅಥವಾ ವಿಮಾನ ಹತ್ತಬೇಕು. ಎಷ್ಟೋ ಹಳ್ಳಿಗಳಿಗೂ ಅಷ್ಟೇ, ಪುಟ್ಟ ವಿಮಾನವೇ ಗತಿ. ಇಂಥ ಕಡೆ ಆಸ್ಪತ್ರೆ, ಬಂದರು, ವಿಮಾನ ನಿಲ್ದಾಣ, ಕುಡಿಯುವ ನೀರು, ಎಲ್ಲದಕ್ಕೂ ಕೇಂದ್ರ ಸರ್ಕಾರದ ದುಡ್ಡು ಬೇಕು. ಹಾಗಾಗಿ ವಾಷಿಂಗ್ಟನ್‌ನಲ್ಲಿ ನಮ್ಮ ಸೆನೆಟರ್ ಯಾರು, ಅವರ ಮಾತು ಅಲ್ಲಿ ಎಷ್ಟು ನಡೆಯುತ್ತದೆ ಅನ್ನುವುದು ಅಲಾಸ್ಕಾದವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಟೆಡ್ ಸ್ಟೀವನ್ಸ್ ಅನ್ನುವವರು ಅಲ್ಲಿ 1968ರಿಂದ 2009ರ ತನಕ ಸೆನೆಟರ್ ಆಗಿದ್ದರು. 40 ವರ್ಷ! ಅವರು ತಂದ ಅನುದಾನದ ಲೆಕ್ಕದಲ್ಲೇ ಜನ ಉಳಿದ ರಾಜಕಾರಣಿಗಳನ್ನು ಅಳೆಯುತ್ತಿದ್ದರು.

ಈಗ ಮರ್ಕೌಸ್ಕಿ ಸೆನೆಟ್‌ಗೆ ಬಂದದ್ದು ಹೇಗೆ ಅಂತ ಹೇಳಬೇಕು. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳುವುದು ಸರಿಯಲ್ಲ. ಲೀಸಾ ಅವರ ತಂದೆ ಫ್ರ್ಯಾಂಕ್ ಮರ್ಕೌಸ್ಕಿ 1981ರಿಂದ ಸೆನೆಟರ್. 2002ರಲ್ಲಿ ಅವರು ರಾಜ್ಯದ ಗವರ್ನರ್ ಆಗಿ ಗೆದ್ದರು. ಸೆನೆಟ್ ಸ್ಥಾನ ಖಾಲಿಯಾಯಿತು. ಅದಕ್ಕೆ ಯಾರನ್ನಾದರೂ ನೇಮಿಸುವ ಅಧಿಕಾರ ಗವರ್ನರ್ ಕೈಯಲ್ಲಿತ್ತು. ಅವರು ನೇಮಿಸಿದ್ದು ತಮ್ಮ ಮಗಳನ್ನು. ಲೀಸಾ ಆಗ ರಾಜ್ಯದ ವಿಧಾನಸಭೆಯ ಸದಸ್ಯೆ, ಏನೂ ಗೊತ್ತಿಲ್ಲದವರಲ್ಲ. ಆದರೂ ಅಪ್ಪ ಬಿಟ್ಟ ಕುರ್ಚಿಯಲ್ಲಿ ಮಗಳು ಕೂತದ್ದು ಜನರಿಗೆ ಸಿಟ್ಟು ತರಿಸಿತು. ಆ ಸಿಟ್ಟು ನ್ಯಾಯವಾದದ್ದೇ. 2004ರಲ್ಲಿ ಜನ ತಾವೇ ಮತ ಹಾಕಿ ಕಾನೂನು ಬದಲಿಸಿದರು, ಹೀಗೆ ಸ್ಥಾನ ಖಾಲಿಯಾದರೆ ಚುನಾವಣೆ ನಡೆಯಲೇಬೇಕು ಅಂತ. ಅದೇ ವರ್ಷ ಲೀಸಾ ಮೊದಲ ಸಲ ಸೆನೆಟ್‌ಗೆ ಚುನಾವಣೆ ಎದುರಿಸಿದರು. ಗೆದ್ದರು, ಆದರೆ ಕಡಿಮೆ ಅಂತರದಲ್ಲಿ. 2006ರಲ್ಲಿ ತಂದೆ ಪಕ್ಷದೊಳಗಿನ ಚುನಾವಣೆಯಲ್ಲೇ ಮೂರನೇ ಸ್ಥಾನಕ್ಕೆ ಕುಸಿದರು. ಅವರನ್ನು ಸೋಲಿಸಿದವರು ಸಾರಾ ಪೇಲಿನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಪಕ್ಷದೊಳಗಿನ ಚುನಾವಣೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಪಟ್ಟಿ ದೆಹಲಿಯಿಂದ ಬರುತ್ತದೆ. ಟಿಕೆಟ್ ಕೈತಪ್ಪಿದವರು ಬಂಡಾಯ ಏಳುತ್ತಾರೆ, ಪಕ್ಷೇತರರಾಗಿ ನಾಮಪತ್ರ ಹಾಕುತ್ತಾರೆ. ಅಮೆರಿಕದಲ್ಲಿ ಟಿಕೆಟ್ ಯಾರಿಗೆ ಅಂತ ತೀರ್ಮಾನ ಮಾಡುವುದು ಮತದಾರರೇ. ಮುಖ್ಯ ಚುನಾವಣೆಗೆ ಕೆಲವು ತಿಂಗಳು ಮೊದಲೇ ಒಂದು ಚುನಾವಣೆ ನಡೆಯುತ್ತದೆ, ಅದಕ್ಕೆ ಪ್ರೈಮರಿ ಅನ್ನುತ್ತಾರೆ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಪ್ರೈಮರಿಗೆ ಬಂದು ಮತ ಹಾಕುವವರು ಕಡಿಮೆ. ಬರುವವರಲ್ಲಿ ಪಕ್ಷದ ಕಟ್ಟಾ ಬೆಂಬಲಿಗರೇ ಜಾಸ್ತಿ. ಅಲಾಸ್ಕಾದಲ್ಲಂತೂ ನೋಂದಾಯಿತ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾವ ಪಕ್ಷಕ್ಕೂ ಸೇರದವರು. ಇವರು ಬೇಕಾದರೆ ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಬಹುದಿತ್ತು, ಡೆಮಾಕ್ರಟಿಕ್ ಪಕ್ಷಕ್ಕೆ ನೋಂದಾಯಿಸಿಕೊಂಡವರಿಗೆ ಆ ಅವಕಾಶ ಇರಲಿಲ್ಲ. ಆದರೆ ಆಗಸ್ಟ್ ತಿಂಗಳಲ್ಲಿ, ಮೀನು ಹಿಡಿಯುವ ಹಂಗಾಮಿನಲ್ಲಿ, ಎಷ್ಟು ಜನ ಬರುತ್ತಾರೆ?

2010ರ ಆಗಸ್ಟ್ 24. ರಿಪಬ್ಲಿಕನ್ ಪ್ರೈಮರಿ. ಹಾಲಿ ಸೆನೆಟರ್ ಮರ್ಕೌಸ್ಕಿ ಎದುರು ಫೇರ್‌ಬ್ಯಾಂಕ್ಸ್‌ನ ವಕೀಲ ಜೋ ಮಿಲ್ಲರ್. ಸೇನಾ ಅಕಾಡೆಮಿಯಲ್ಲಿ ಓದಿದವರು, ಆಮೇಲೆ ಯೇಲ್‌ನಲ್ಲಿ ಕಾನೂನು ಓದಿದವರು. ಹೆಚ್ಚು ಜನರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಆದರೆ ಆ ವರ್ಷ ದೇಶವಿಡೀ ಟೀ ಪಾರ್ಟಿ ಚಳವಳಿ ಎದ್ದಿತ್ತು. ಸರ್ಕಾರದ ಸಾಲ, ಖರ್ಚು, ಹೊಸ ಆರೋಗ್ಯ ಕಾನೂನು, ಇವುಗಳ ಮೇಲೆ ಸಿಟ್ಟಾದ ಜನ ತಮ್ಮದೇ ಪಕ್ಷದ ಹಳಬರನ್ನು ಕೆಳಗಿಳಿಸುತ್ತಿದ್ದರು. ಯೂಟಾ ರಾಜ್ಯದ ಹಿರಿಯ ಸೆನೆಟರ್ ಬಾಬ್ ಬೆನೆಟ್ ಮೇ ತಿಂಗಳಲ್ಲೇ ಪಕ್ಷದ ಸಮಾವೇಶದಲ್ಲಿ ಸೋತು ಮನೆಗೆ ಹೋಗಿದ್ದರು. ಅಲಾಸ್ಕಾದಲ್ಲಿ ಮಿಲ್ಲರ್ ಬೆನ್ನಿಗೆ ಈ ಚಳವಳಿಯ ದುಡ್ಡೂ ಸಾರಾ ಪೇಲಿನ್ ಬೆಂಬಲವೂ ಬಂತು. ಜೊತೆಗೆ ಅದೇ ದಿನ ಅಪ್ರಾಪ್ತ ಹುಡುಗಿಯರ ಗರ್ಭಪಾತಕ್ಕೆ ಮೊದಲು ತಂದೆತಾಯಿಗೆ ತಿಳಿಸಬೇಕೋ ಬೇಡವೋ ಅನ್ನುವ ಪ್ರಶ್ನೆಯೂ ಜನರ ಮತಕ್ಕೆ ಬಂದಿತ್ತು. ಅದಕ್ಕಾಗಿಯೇ ಸಂಪ್ರದಾಯವಾದಿ ಮತದಾರರು ಜಾಸ್ತಿ ಸಂಖ್ಯೆಯಲ್ಲಿ ಮತಗಟ್ಟೆಗೆ ಬಂದರು.

ಪೂರ್ತಿ ಎಣಿಸಿದಾಗ ಮಿಲ್ಲರ್‌ಗೆ 55,878 ಮತ, ಮರ್ಕೌಸ್ಕಿಗೆ 53,872. ಅಂತರ ಸುಮಾರು ಎರಡು ಸಾವಿರ. ಆಗಸ್ಟ್ 31ಕ್ಕೆ ಅವರು ಸೋಲು ಒಪ್ಪಿಕೊಂಡರು.

ಈ ಸಂಖ್ಯೆಗಳ ಮೇಲೆ ಒಂದು ನಿಮಿಷ ನಿಲ್ಲೋಣ. ನವೆಂಬರ್‌ನಲ್ಲಿ ಮತ ಹಾಕಿದವರು ಎರಡೂವರೆ ಲಕ್ಷಕ್ಕೂ ಜಾಸ್ತಿ. ಆದರೆ ಆ ಎರಡೂವರೆ ಲಕ್ಷ ಜನರ ಮುಂದೆ ಹಾಲಿ ಸೆನೆಟರ್ ಹೆಸರು ಇರಬೇಕೋ ಬೇಡವೋ ಅಂತ ತೀರ್ಮಾನಿಸಿದ್ದು 55 ಸಾವಿರ ಜನ. ಆ 55 ಸಾವಿರ ಜನರ ಹಕ್ಕನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅವರು ಬಂದರು, ಮತ ಹಾಕಿದರು. ನನ್ನ ತಕರಾರು ಬಾಗಿಲಿನ ಬಗ್ಗೆ. ಬಾಗಿಲು ಅಷ್ಟು ಇಕ್ಕಟ್ಟಾಗಿದ್ದರೆ ಒಳಗೆ ಹೋಗುವ ರಾಜಕಾರಣಿ ಆರು ವರ್ಷವೂ ಆ ಬಾಗಿಲು ಕಾಯುವವರನ್ನೇ ನೋಡುತ್ತಿರುತ್ತಾನೆ. ಎದುರು ಪಕ್ಷದ ಭಯಕ್ಕಿಂತ ತನ್ನ ಪಕ್ಷದೊಳಗಿನ ಒಂದು ಗುಂಪಿನ ಭಯವೇ ಜಾಸ್ತಿಯಾಗುತ್ತದೆ. ಇವತ್ತಿನ ಅಮೆರಿಕದ ರಾಜಕೀಯ ಯಾಕೆ ಇಷ್ಟು ಎರಡು ಹೋಳಾಗಿದೆ ಅಂತ ಕೇಳುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಸರಿ, ಸೋತ ಮೇಲೆ ಅವರ ಮುಂದೆ ಯಾವ ದಾರಿ ಇತ್ತು? ನಾಲ್ಕು ವರ್ಷ ಹಿಂದೆ, 2006ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ ಜೋ ಲೀಬರ್‌ಮನ್ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸೋತರೂ ತಮ್ಮದೇ ಪುಟ್ಟ ಪಕ್ಷದ ಹೆಸರಲ್ಲಿ ನಿಂತು ಗೆದ್ದಿದ್ದರು. ಆದರೆ ಅಲಾಸ್ಕಾದಲ್ಲಿ ಹಾಗೆ ಹೊಸದಾಗಿ ಹೆಸರು ಸೇರಿಸುವ ಗಡುವು ಮುಗಿದಿತ್ತು. ಲಿಬರ್ಟೇರಿಯನ್ ಪಕ್ಷದ ಟಿಕೆಟ್ ಸಿಗಬಹುದೇ ಅನ್ನುವ ಮಾತು ಬಂತು, ಆ ಪಕ್ಷದವರು ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ. ಅಮೆರಿಕದ ಹೆಚ್ಚಿನ ರಾಜ್ಯಗಳ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಕೆಳಗೆ ಒಂದು ಖಾಲಿ ಗೆರೆ ಇರುತ್ತದೆ. ಪಟ್ಟಿಯಲ್ಲಿ ಇಲ್ಲದವರಿಗೆ ಮತ ಹಾಕಬೇಕು ಅನ್ನಿಸಿದರೆ ಆ ಗೆರೆಯ ಮೇಲೆ ಹೆಸರನ್ನು ಕೈಯಾರೆ ಬರೆಯಬೇಕು, ಪಕ್ಕದ ಪುಟ್ಟ ಗುಂಡಗಿನ ಗುರುತನ್ನು ಪೆನ್ನಿನಿಂದ ತುಂಬಬೇಕು.

ನಾವು ಚಿಹ್ನೆ ನೋಡಿ ಮತ ಹಾಕುವವರು. 1951-52ರ ಮೊದಲ ಮಹಾಚುನಾವಣೆಯಿಂದಲೇ ಓದಲು ಬಾರದವರಿಗೂ ತಿಳಿಯಲಿ ಅಂತ ಚಿಹ್ನೆ ಇಟ್ಟ ದೇಶ ನಮ್ಮದು. ನಮ್ಮ ಕಣ್ಣಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. ಅಲ್ಲಿಯವರಿಗೂ ಇದು ಗೆಲ್ಲುವ ದಾರಿ ಅನ್ನಿಸಿರಲಿಲ್ಲ. ಹೀಗೆ ಹೆಸರು ಬರೆಸಿಕೊಂಡು ಸೆನೆಟ್‌ಗೆ ಗೆದ್ದದ್ದು ಅದಕ್ಕೂ ಮೊದಲು ಕೊನೆಯ ಸಲ 1954ರಲ್ಲಿ, ದಕ್ಷಿಣ ಕ್ಯಾರೊಲೈನಾದ ಸ್ಟ್ರಾಮ್ ಥರ್ಮಂಡ್. ಮಧ್ಯೆ 56 ವರ್ಷ ಯಾರಿಂದಲೂ ಆಗಿರಲಿಲ್ಲ.

ಸೆಪ್ಟೆಂಬರ್ 17ರಂದು ಆಂಕರೇಜ್‌ನಲ್ಲಿ ಮರ್ಕೌಸ್ಕಿ ಘೋಷಿಸಿಯೇಬಿಟ್ಟರು: ನಾನು ಕಣದಲ್ಲಿದ್ದೇನೆ, ನನ್ನ ಹೆಸರು ಬರೆಯಿರಿ. ಮತದಾನಕ್ಕೆ ಇದ್ದದ್ದು ಏಳು ವಾರವೂ ಇಲ್ಲ. ಪಕ್ಷದ ರಾಷ್ಟ್ರೀಯ ನಾಯಕರು ಮಿಲ್ಲರ್ ಪರ ನಿಂತರು. ಸೆನೆಟ್‌ನ ಪಕ್ಷದ ನಾಯಕತ್ವದಲ್ಲಿ ಇದ್ದ ಸ್ಥಾನಕ್ಕೆ ಮರ್ಕೌಸ್ಕಿ ರಾಜೀನಾಮೆ ಕೊಟ್ಟರು. ಡೆಮಾಕ್ರಟಿಕ್ ಪಕ್ಷದಿಂದ ಸಿಟ್ಕಾ ಪಟ್ಟಣದ ಮೇಯರ್ ಸ್ಕಾಟ್ ಮೆಕ್‌ಆಡಮ್ಸ್ ಆಗಲೇ ಕಣದಲ್ಲಿದ್ದರು. ತ್ರಿಕೋನ ಸ್ಪರ್ಧೆ, ಅದರಲ್ಲಿ ಒಬ್ಬರ ಹೆಸರೇ ಮತಪತ್ರದಲ್ಲಿ ಇಲ್ಲ.

ಮರ್ಕೌಸ್ಕಿ ಅನ್ನುವುದು ಇಂಗ್ಲಿಷ್ ಮಾತಾಡುವವರಿಗೂ ಬರೆಯಲು ಕಷ್ಟದ ಹೆಸರು. ಎಂ, ಯು, ಆರ್, ಕೆ, ಓ, ಡಬ್ಲ್ಯೂ, ಎಸ್, ಕೆ, ಐ. ಒಂಬತ್ತು ಅಕ್ಷರ. ಹಾಗಾಗಿ ಪ್ರಚಾರವೇ ಕಾಗುಣಿತದ ಪಾಠವಾಯಿತು. ಟಿವಿ ಜಾಹೀರಾತಿನಲ್ಲಿ ಅಕ್ಷರ ಅಕ್ಷರವಾಗಿ ಹೆಸರು ಹೇಳಿಕೊಟ್ಟರು. ಹೆಸರು ಅಚ್ಚಾದ ರಬ್ಬರ್ ಪಟ್ಟಿಗಳನ್ನು ಕೈಗೆ ಕಟ್ಟಿಕೊಳ್ಳಲು ಹಂಚಿದರು. ಸುಮ್ನೆ ಹೆಸರು ಬರೆದರೆ ಸಾಲದು, ಪಕ್ಕದ ಗುರುತನ್ನೂ ತುಂಬಲೇಬೇಕು ಅಂತ ಹೋದಲ್ಲೆಲ್ಲ ಹೇಳಿದರು.

ಬೆಂಬಲ ಬಂದದ್ದು ಎಲ್ಲಿಂದ ಅನ್ನುವುದು ಈ ಕಥೆಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಶಿಕ್ಷಕರ ಸಂಘ, ಅಗ್ನಿಶಾಮಕ ಸಿಬ್ಬಂದಿಯ ಸಂಘ ಅವರ ಜೊತೆ ನಿಂತವು. ಇವು ಸಾಮಾನ್ಯವಾಗಿ ರಿಪಬ್ಲಿಕನ್ನರ ಜೊತೆ ಇರುವ ಸಂಘಗಳಲ್ಲ. ಎಲ್ಲಕ್ಕಿಂತ ದೊಡ್ಡ ಬಲ ಬಂದದ್ದು ಅಲಾಸ್ಕಾದ ಮೂಲನಿವಾಸಿಗಳಿಂದ. ಇದರ ಹಿಂದೆ ಒಂದು ಇತಿಹಾಸ ಇದೆ. 1971ರಲ್ಲಿ ಅಮೆರಿಕದ ಸಂಸತ್ತು ಅಲಾಸ್ಕಾದ ಮೂಲನಿವಾಸಿಗಳ ಭೂಮಿಯ ಹಕ್ಕಿನ ಬಗ್ಗೆ ಒಂದು ಕಾನೂನು ಮಾಡಿತು. ಅದರ ಪ್ರಕಾರ ಅವರಿಗೆ 4 ಕೋಟಿ 40 ಲಕ್ಷ ಎಕರೆ ಭೂಮಿ ಮತ್ತು ಸುಮಾರು 96 ಕೋಟಿ ಡಾಲರ್ ಸಿಕ್ಕಿತು. ಆದರೆ ಬುಡಕಟ್ಟಿನ ಹೆಸರಿಗೆ ಅಲ್ಲ. ಪ್ರಾದೇಶಿಕ ಕಂಪನಿಗಳನ್ನೂ ಹಳ್ಳಿ ಮಟ್ಟದ ಕಂಪನಿಗಳನ್ನೂ ಮಾಡಿ, ಮೂಲನಿವಾಸಿಗಳನ್ನು ಅವುಗಳ ಷೇರುದಾರರನ್ನಾಗಿ ಮಾಡಿದರು. ಈ ಕಂಪನಿಗಳು ಬೆಳೆದು ರಾಜ್ಯದ ದೊಡ್ಡ ಉದ್ಯಮಗಳಾದವು. ಕೇಂದ್ರ ಸರ್ಕಾರದ ಗುತ್ತಿಗೆಗಳಲ್ಲಿ ಇವಕ್ಕೆ ವಿಶೇಷ ಅವಕಾಶವೂ ಇದೆ.

ಮಿಲ್ಲರ್ ಹೇಳುತ್ತಿದ್ದುದು ಕೇಂದ್ರದ ಖರ್ಚು ಕಡಿತ ಮಾಡಬೇಕು ಅಂತ. ನಿರುದ್ಯೋಗ ಭತ್ಯೆ ಕೊಡುವ ಅಧಿಕಾರವೇ ಸಂವಿಧಾನದಲ್ಲಿ ಕೇಂದ್ರಕ್ಕೆ ಇಲ್ಲ ಅನ್ನುವ ತನಕ ಅವರ ವಾದ ಹೋಗಿತ್ತು. ವಿಮಾನದಲ್ಲಿ ಡೀಸೆಲ್ ಬರುವ ಹಳ್ಳಿಯವರು ಇದನ್ನು ಕೇಳಿ ಹೆದರಿದರು. ಮೂಲನಿವಾಸಿ ಕಂಪನಿಗಳು ಒಟ್ಟಾಗಿ ಮರ್ಕೌಸ್ಕಿ ಪರ ಸ್ವತಂತ್ರ ಪ್ರಚಾರಕ್ಕೆ ದೊಡ್ಡ ಮೊತ್ತ ಸುರಿದವು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಂಪನಿಗಳು ಹೀಗೆ ಚುನಾವಣೆಗೆ ಖರ್ಚು ಮಾಡಬಹುದು ಅಂತ ತೀರ್ಪು ಕೊಟ್ಟಿತ್ತು. ಆ ತೀರ್ಪು ಅಮೆರಿಕದ ಪ್ರಜಾಪ್ರಭುತ್ವಕ್ಕೆ ಕೆಡುಕು ಮಾಡಿದೆ ಅಂತ ನಂಬುವವನು ನಾನು. ಇಲ್ಲಿ ನನಗೆ ಇಷ್ಟವಾದ ಫಲಿತಾಂಶಕ್ಕೆ ಅದು ನೆರವಾಯಿತು ಅಂತ ಆ ಅಭಿಪ್ರಾಯ ಬದಲಿಸಿಕೊಳ್ಳಲಾರೆ. ಆದರೆ ದುಡ್ಡಿನಿಂದ ಟಿವಿ ಜಾಹೀರಾತು ಕೊಳ್ಳಬಹುದು, ಮತದಾರರ ಕೈಯಿಂದ ಒಂಬತ್ತು ಅಕ್ಷರ ಬರೆಸಲು ಹಳ್ಳಿಹಳ್ಳಿಗೂ ಯಾರೋ ಹೋಗಿ ಮಾತಾಡಲೇಬೇಕಿತ್ತು. ಹೋದವರು ಆ ಹಳ್ಳಿಗಳವರೇ.

ಇನ್ನೊಂದು ವಿಷಯ. ಟೆಡ್ ಸ್ಟೀವನ್ಸ್ ಆ ಆಗಸ್ಟ್ 9ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಸಾಯುವ ಮೊದಲು ಮರ್ಕೌಸ್ಕಿ ಪರ ಒಂದು ಜಾಹೀರಾತಿಗೆ ಮಾತಾಡಿದ್ದರು. ಅವರ ಮನೆಯವರ ಒಪ್ಪಿಗೆ ಪಡೆದು ಅಕ್ಟೋಬರ್‌ನಲ್ಲಿ ಅದನ್ನು ಟಿವಿಯಲ್ಲಿ ಹಾಕಿದರು. ಆ ರಾಜ್ಯಕ್ಕೆ ಸ್ಟೀವನ್ಸ್ ಏನಾಗಿದ್ದರು ಅಂತ ಗೊತ್ತಿದ್ದರೆ ಆ ಜಾಹೀರಾತಿನ ತೂಕ ಗೊತ್ತಾಗುತ್ತದೆ.

ಮಿಲ್ಲರ್ ಕಡೆಯಲ್ಲಿ ಎಡವಟ್ಟುಗಳಾದವು. ಅಕ್ಟೋಬರ್ 17ರಂದು ಆಂಕರೇಜ್‌ನ ಶಾಲೆಯೊಂದರಲ್ಲಿ ನಡೆದ ಸಭೆಯಲ್ಲಿ ಅವರ ಖಾಸಗಿ ಭದ್ರತಾ ಸಿಬ್ಬಂದಿ ಪ್ರಶ್ನೆ ಕೇಳಿದ ಪತ್ರಕರ್ತನಿಗೆ ಕೈಕೋಳ ಹಾಕಿದರು. ದೇಶವಿಡೀ ಸುದ್ದಿಯಾಯಿತು.

ಇನ್ನೊಂದು ಜಗಳ ನೋಡಿ. ಹೆಸರು ಬರೆಸಿಕೊಳ್ಳಲು ನೋಂದಾಯಿಸಿಕೊಂಡವರ ಪಟ್ಟಿಯನ್ನು ಮತಗಟ್ಟೆಯಲ್ಲಿ ಕೇಳಿದವರಿಗೆ ತೋರಿಸಬಹುದೇ ಅಂತ. ಚುನಾವಣಾ ಇಲಾಖೆ ತೋರಿಸುತ್ತೇವೆ ಅಂದಿತು. ಎರಡೂ ಪಕ್ಷಗಳು ಕೋರ್ಟಿಗೆ ಹೋದವು. ಬೇರೆ ಯಾವುದರಲ್ಲೂ ಒಂದಾಗದ ರಿಪಬ್ಲಿಕನ್ನರೂ ಡೆಮಾಕ್ರಟರೂ ಇದರಲ್ಲಿ ಒಂದಾದರು! ರಾಜ್ಯದ ಸುಪ್ರೀಂ ಕೋರ್ಟ್ ಪಟ್ಟಿ ತೋರಿಸಲು ಬಿಟ್ಟಿತು. ಕೂಡಲೇ ರೇಡಿಯೋದಲ್ಲಿ ಒಬ್ಬ ನಿರೂಪಕರು, ನೀವೂ ಹೋಗಿ ಹೆಸರು ನೋಂದಾಯಿಸಿ, ಪಟ್ಟಿ ಉದ್ದವಾಗಲಿ ಅಂತ ಕರೆ ಕೊಟ್ಟರು. ನೂರಕ್ಕೂ ಜಾಸ್ತಿ ಜನ ಹಾಗೇ ಮಾಡಿದರು.

ನವೆಂಬರ್ 2 ಬಂತು. ರಾತ್ರಿ ಎಣಿಕೆಯಲ್ಲಿ ಕೈಯಾರೆ ಬರೆದ ಮತಗಳು ಶೇಕಡಾ 40ರ ಆಸುಪಾಸು. ಯಂತ್ರಕ್ಕೆ ಗೊತ್ತಾಗುವುದು ಗುರುತು ತುಂಬಿದೆ ಅನ್ನುವುದಷ್ಟೇ. ಗೆರೆಯ ಮೇಲೆ ಯಾರ ಹೆಸರಿದೆ ಅಂತ ಮನುಷ್ಯರೇ ಓದಬೇಕು. ರಾಜ್ಯದ ಮೂಲೆಮೂಲೆಯ ಮತಪತ್ರಗಳನ್ನು ಜುನೋಗೆ ತಂದರು. ನವೆಂಬರ್ 10ರಿಂದ ಎಣಿಕೆ.

ಈ ಎಣಿಕೆಯ ಕೋಣೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಮೇಜಿನ ಒಂದು ಕಡೆ ಸಿಬ್ಬಂದಿ, ಪಕ್ಕದಲ್ಲಿ ಎರಡೂ ಕಡೆಯ ಏಜೆಂಟರು. ಸಿಬ್ಬಂದಿ ಒಂದೊಂದೇ ಮತಪತ್ರ ಎತ್ತಿ ನೋಡಿ ಬೇರೆ ಬೇರೆ ಪೆಟ್ಟಿಗೆಗೆ ಹಾಕುತ್ತಾರೆ. ಹೆಸರು ಸರಿಯಾಗಿ ಬರೆದವು ಒಂದು ಕಡೆ. ಬೇರೆಯವರ ಹೆಸರಿದ್ದವು ಇನ್ನೊಂದು ಕಡೆ. ಒಂದು ಅಕ್ಷರ ಹೆಚ್ಚುಕಡಿಮೆಯಾದವು ಮತ್ತೊಂದು ಕಡೆ. ಕೊನೆಯಲ್ಲಿ ಐ ಬದಲು ವೈ ಬರೆದವರಿದ್ದರು. ಮಿಲ್ಲರ್ ಕಡೆಯ ಏಜೆಂಟರು ಇಂಥ ಪ್ರತಿಯೊಂದಕ್ಕೂ ಆಕ್ಷೇಪ ಎತ್ತಿದರು. ಬರವಣಿಗೆ ಸ್ವಲ್ಪ ಸೊಟ್ಟಗಿದ್ದರೂ ಆಕ್ಷೇಪ. ಅನುಮಾನ ಬಂದ ಮತಪತ್ರಗಳನ್ನು ಚುನಾವಣಾ ಇಲಾಖೆಯ ನಿರ್ದೇಶಕಿ ಗೇಲ್ ಫೆನುಮಿಯಾಯ್ ಕೈಗೆ ಕೊಡುತ್ತಿದ್ದರು. ಅವರು ಅಲ್ಲೇ ನೋಡಿ, ಎಣಿಸಬೇಕೋ ಬೇಡವೋ ಹೇಳುತ್ತಿದ್ದರು. ದಿನಗಟ್ಟಲೆ ಇದೇ ಕೆಲಸ. ಗದ್ದಲ ಇಲ್ಲ, ಅವಸರ ಇಲ್ಲ. ಒಬ್ಬ ಅಪರಿಚಿತ ಮತದಾರ ಎಲ್ಲೋ ಕೂತು ಬರೆದ ಒಂದು ಪದವನ್ನು ಅಷ್ಟು ಗಮನ ಕೊಟ್ಟು ಓದುವುದು ಇದೆಯಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ.

ಲೆಕ್ಕ ಮುಗಿದಾಗ ಮರ್ಕೌಸ್ಕಿಗೆ 1,01,091. ಮಿಲ್ಲರ್‌ಗೆ 90,839. ಮೆಕ್‌ಆಡಮ್ಸ್‌ಗೆ 60,045. ಆಕ್ಷೇಪ ಎತ್ತಿದ ಎಂಟು ಸಾವಿರಕ್ಕೂ ಜಾಸ್ತಿ ಮತಗಳನ್ನು ಪೂರ್ತಿ ತೆಗೆದುಹಾಕಿದರೂ ಮರ್ಕೌಸ್ಕಿ ಎರಡು ಸಾವಿರಕ್ಕೂ ಜಾಸ್ತಿ ಮತಗಳಿಂದ ಮುಂದಿದ್ದರು.

ಆದರೂ ಮಿಲ್ಲರ್ ಕೋರ್ಟಿಗೆ ಹೋದರು. ಅವರ ವಾದಕ್ಕೂ ಒಂದು ಆಧಾರ ಇತ್ತು, ಅದನ್ನು ಹೇಳಲೇಬೇಕು. ಕಾನೂನಿನಲ್ಲಿ ಹೀಗಿದೆ: ಗುರುತು ತುಂಬಿರಬೇಕು, ಅಭ್ಯರ್ಥಿ ಘೋಷಿಸಿಕೊಂಡ ಹೆಸರು ಅಥವಾ ಕೊನೆಯ ಹೆಸರು ಬರೆದಿರಬೇಕು, ಈ ನಿಯಮಕ್ಕೆ ವಿನಾಯಿತಿ ಇಲ್ಲ. ಅಂದಮೇಲೆ ತಪ್ಪು ಬರೆದದ್ದು ಆ ಹೆಸರೇ ಅಲ್ಲ ಅನ್ನುವುದು ಅವರ ವಾದ. ಡಿಸೆಂಬರ್ 22ರಂದು ಅಲಾಸ್ಕಾದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಮತದಾರ ಯಾರಿಗೆ ಮತ ಹಾಕಲು ಬಯಸಿದ ಅನ್ನುವುದೇ ಮುಖ್ಯ ಅಂದಿತು. ಜೊತೆಗೆ ಹೇಳಿದ ಮಾತಿನ ಸಾರ ಇದು: ಅಲಾಸ್ಕಾದ ಕೆಲವರು ಇಂಗ್ಲಿಷನ್ನು ಮೊದಲ ಭಾಷೆಯಾಗಿ ಕಲಿತು ಬೆಳೆದವರಲ್ಲ. ಕೆಲವರಿಗೆ ಇಂಗ್ಲಿಷ್ ಮಾತಾಡಲು ಬರುತ್ತದೆ, ಬರೆಯಲು ಅಷ್ಟು ಬರುವುದಿಲ್ಲ. ಕೆಲವರಿಗೆ ದೇಹದ ಅಥವಾ ಕಲಿಕೆಯ ತೊಂದರೆ ಇರುತ್ತದೆ. ಇದ್ಯಾವುದೂ ತಮ್ಮ ಪ್ರತಿನಿಧಿಯನ್ನು ಆರಿಸುವ ಅವರ ಹಕ್ಕನ್ನು ಕಿತ್ತುಕೊಳ್ಳಬಾರದು.

ಮನೆಯಲ್ಲಿ ಯೂಪಿಕ್ ಭಾಷೆ ಮಾತಾಡುವ ಒಬ್ಬ ಅಜ್ಜಿ ಪೋಲಿಷ್ ಮೂಲದ ಒಂದು ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಅದರಲ್ಲಿ ಒಂದು ಅಕ್ಷರ ತಪ್ಪಿದರೆ ಆಕೆಯ ಮತವೇ ಇಲ್ಲ ಅನ್ನುವುದು ಎಂಥ ನ್ಯಾಯ? ಆ ತೀರ್ಪಿನ ಆ ಭಾಗವನ್ನು ನಾನು ಓದಲು ಹೇಳದ ವಿದ್ಯಾರ್ಥಿಯೇ ಇಲ್ಲ. ನಮ್ಮ ಚುನಾವಣಾ ನಿಯಮಗಳಲ್ಲೂ ಇದೇ ಮನಸ್ಸು ಇದೆ. ಮತಪತ್ರದ ಕಾಲದಲ್ಲಿ ಮುದ್ರೆ ಮಸುಕಾಗಿದ್ದರೂ, ಒಂದಕ್ಕಿಂತ ಜಾಸ್ತಿ ಸಲ ಒತ್ತಿದ್ದರೂ, ಯಾರಿಗೆ ಹಾಕಿದ್ದು ಅಂತ ಸ್ಪಷ್ಟವಾಗಿ ಗೊತ್ತಾದರೆ ಆ ಮತವನ್ನು ತಿರಸ್ಕರಿಸುವಂತಿರಲಿಲ್ಲ.

ಡಿಸೆಂಬರ್ 28ಕ್ಕೆ ಕೇಂದ್ರದ ನ್ಯಾಯಾಲಯವೂ ದಾರಿ ಬಿಟ್ಟಿತು. 30ಕ್ಕೆ ಫಲಿತಾಂಶಕ್ಕೆ ಅಧಿಕೃತ ಮುದ್ರೆ ಬಿತ್ತು. 31ಕ್ಕೆ ಮಿಲ್ಲರ್ ಸೋಲು ಒಪ್ಪಿಕೊಂಡರು. 2016ರಲ್ಲಿ ಮತ್ತೆ ಇದೇ ಇಬ್ಬರು ಎದುರಾದರು, ಮಿಲ್ಲರ್ ಆಗ ಲಿಬರ್ಟೇರಿಯನ್ ಟಿಕೆಟ್‌ನಲ್ಲಿ. ಮರ್ಕೌಸ್ಕಿ ಆರಾಮವಾಗಿ ಗೆದ್ದರು.

ಈಗ 2022.

2010ರ ಗೆಲುವು ಮರ್ಕೌಸ್ಕಿಯವರನ್ನು ಬದಲಿಸಿತು ಅನ್ನುವುದು ನನ್ನ ಅಭಿಪ್ರಾಯ. ತಮ್ಮನ್ನು ಗೆಲ್ಲಿಸಿದವರು ಪಕ್ಷದವರಲ್ಲ ಅಂತ ಗೊತ್ತಿದ್ದ ಸೆನೆಟರ್ ಅವರು. 2017ರಲ್ಲಿ ಒಬಾಮಾ ಕಾಲದ ಆರೋಗ್ಯ ಕಾನೂನನ್ನು ತೆಗೆಯಲು ಪಕ್ಷ ಹೊರಟಾಗ ಅವರು, ಸೂಸನ್ ಕಾಲಿನ್ಸ್, ಜಾನ್ ಮೆಕೇನ್ ಮೂವರೂ ವಿರುದ್ಧ ಮತ ಹಾಕಿದರು. 2021ರ ಫೆಬ್ರವರಿಯಲ್ಲಿ ಟ್ರಂಪ್ ಅವರ ಎರಡನೇ ವಾಗ್ದಂಡನೆಯಲ್ಲಿ ಅವರು ತಪ್ಪಿತಸ್ಥ ಅಂತ ಮತ ಹಾಕಿದ ಏಳು ರಿಪಬ್ಲಿಕನ್ ಸೆನೆಟರ್‌ಗಳಲ್ಲಿ ಮರ್ಕೌಸ್ಕಿ ಒಬ್ಬರು. ಆ ಏಳರಲ್ಲಿ 2022ರಲ್ಲಿ ಜನರ ಮುಂದೆ ಹೋಗಬೇಕಾಗಿದ್ದವರು ಅವರೊಬ್ಬರೇ. ರಾಜ್ಯದ ಪಕ್ಷ ಅವರ ವಿರುದ್ಧ ಖಂಡನಾ ನಿರ್ಣಯ ಮಾಡಿತು. ಟ್ರಂಪ್ ಬೆಂಬಲದಿಂದ ಕೆಲ್ಲಿ ಚಿಬಾಕಾ ಕಣಕ್ಕಿಳಿದರು. ಹಳೆಯ ಪ್ರೈಮರಿ ಇದ್ದಿದ್ದರೆ ಮರ್ಕೌಸ್ಕಿ ಆಗಸ್ಟ್‌ನಲ್ಲೇ ಸೋಲುತ್ತಿದ್ದರು ಅಂತ ನಾನು ಹೇಳಬಲ್ಲೆ.

ಆದರೆ ನಿಯಮ ಬದಲಾಗಿತ್ತು. 2020ರಲ್ಲಿ ಅಲಾಸ್ಕಾದ ಜನ ನಾಲ್ಕು ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಹೊಸ ಪದ್ಧತಿಗೆ ಒಪ್ಪಿಗೆ ಕೊಟ್ಟಿದ್ದರು. ಪಕ್ಷಕ್ಕೊಂದು ಪ್ರೈಮರಿ ಹೋಯಿತು. ಎಲ್ಲ ಅಭ್ಯರ್ಥಿಗಳೂ ಒಂದೇ ಪ್ರೈಮರಿಯಲ್ಲಿ ನಿಲ್ಲಬೇಕು, ಎಲ್ಲ ಮತದಾರರೂ ಅದರಲ್ಲಿ ಮತ ಹಾಕಬಹುದು, ಮೊದಲ ನಾಲ್ವರು ನವೆಂಬರ್‌ಗೆ ಹೋಗುತ್ತಾರೆ. ನವೆಂಬರ್‌ನಲ್ಲಿ ಮತದಾರ 1, 2, 3, 4 ಅಂತ ಕ್ರಮ ಕೊಡುತ್ತಾನೆ.

ಇದನ್ನು ಅಮೆರಿಕದವರಿಗೆ ವಿವರಿಸಲು ಪುಟಗಟ್ಟಲೆ ಬರೆದರು. ಇಲ್ಲಿ ಕೂತಿರುವ ಪದವೀಧರರಿಗೆ, ಶಿಕ್ಷಕರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರ, ಶಿಕ್ಷಕರ ಕ್ಷೇತ್ರಗಳಲ್ಲಿ ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದ ಹೆಸರಿನ ಮುಂದೆ ಅಂಕಿ ಬರೆದು ಬಂದಿದ್ದೀರಿ. ಪ್ರಾಶಸ್ತ್ಯದ ಮತ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಮತಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ಯಾರಿಗಿದೆ ನೋಡಿ ಹಂಚುತ್ತಾರೆ. ಅಲ್ಲೂ ಅದೇ.

ಈ ನಿಯಮ ಮರ್ಕೌಸ್ಕಿಗಾಗಿಯೇ ಮಾಡಿದ್ದು ಅಂತ ವಿರೋಧಿಗಳು ದೂರಿದರು. ನಿಯಮ ಬರೆದವರಲ್ಲಿ ಅವರ ಹಿಂದಿನ ಪ್ರಚಾರದಲ್ಲಿ ಕೆಲಸ ಮಾಡಿದ ವಕೀಲರೂ ಇದ್ದರು, ಹಾಗಾಗಿ ಆ ದೂರು ಗಾಳಿಮಾತು ಅಲ್ಲ. ಆದರೆ ನಿಯಮ ತಂದದ್ದು ಜನರ ಮತ. ಅದರಿಂದ ಗೆದ್ದವರೂ ಅವರೊಬ್ಬರೇ ಅಲ್ಲ. ಅದೇ ವರ್ಷ ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲಾ ಇದೇ ಪದ್ಧತಿಯಲ್ಲಿ ಗೆದ್ದು ಅಮೆರಿಕದ ಸಂಸತ್ತಿಗೆ ಹೋದ ಮೊದಲ ಅಲಾಸ್ಕಾ ಮೂಲನಿವಾಸಿಯಾದರು. ಮರ್ಕೌಸ್ಕಿ ತಮ್ಮ ಪಕ್ಷ ಬಿಟ್ಟು ಪೆಲ್ಟೋಲಾಗೆ ಮೊದಲ ಪ್ರಾಶಸ್ತ್ಯ ಕೊಡುತ್ತೇನೆ ಅಂದರು, ಪೆಲ್ಟೋಲಾ ಅವರಿಗೆ ಕೊಡುತ್ತೇನೆ ಅಂದರು. ಇಬ್ಬರೂ ಬಹಿರಂಗವಾಗಿಯೇ ಹೇಳಿದರು. ಬೇರೆ ರಾಜ್ಯದಲ್ಲಿ ಇಂಥ ಮಾತು ಆಡಿದವರ ರಾಜಕೀಯ ಅಲ್ಲಿಗೇ ಮುಗಿಯುತ್ತಿತ್ತು.

ನವೆಂಬರ್ 8ರ ಮೊದಲ ಪ್ರಾಶಸ್ತ್ಯದ ಲೆಕ್ಕ ಹೀಗಿತ್ತು: ಮರ್ಕೌಸ್ಕಿ ಶೇಕಡಾ 43.4, ಚಿಬಾಕಾ 42.6, ಡೆಮಾಕ್ರಟಿಕ್ ಪಕ್ಷದ ನಿವೃತ್ತ ಶಿಕ್ಷಕಿ ಪ್ಯಾಟ್ ಚೆಸ್‌ಬ್ರೋ ಸುಮಾರು 10. ನಾಲ್ಕನೆಯವರಾದ ಬಝ್ ಕೆಲ್ಲಿ ಆಗಲೇ ಹಿಂದೆ ಸರಿದು ಚಿಬಾಕಾಗೆ ಬೆಂಬಲ ಕೊಟ್ಟಿದ್ದರು, ಹೆಸರು ಮಾತ್ರ ಮತಪತ್ರದಲ್ಲಿ ಉಳಿದಿತ್ತು. ನವೆಂಬರ್ 23ರಂದು ಪ್ರಾಶಸ್ತ್ಯಗಳನ್ನು ಹಂಚಿದಾಗ ಮರ್ಕೌಸ್ಕಿ 53.7, ಚಿಬಾಕಾ 46.3. ಚೆಸ್‌ಬ್ರೋ ಅವರಿಗೆ ಮತ ಹಾಕಿದವರು ತಮ್ಮ ಪಕ್ಷಕ್ಕೆ ಮೊದಲ ಮತ ಕೊಟ್ಟೂ ಕೊನೆಯ ತೀರ್ಮಾನದಲ್ಲಿ ಪಾಲು ಪಡೆದರು. 2010ರಲ್ಲಿ ಮೆಕ್‌ಆಡಮ್ಸ್‌ಗೆ ಹಾಕಿದ 60 ಸಾವಿರ ಜನರಿಗೆ ಈ ಅವಕಾಶ ಇರಲಿಲ್ಲ. ಅವರಲ್ಲಿ ಎಷ್ಟೋ ಜನ ಇಷ್ಟದ ಅಭ್ಯರ್ಥಿಗೆ ಹಾಕಬೇಕೋ, ಬೇಡದವರನ್ನು ತಡೆಯಬೇಕೋ ಅಂತ ಒದ್ದಾಡಿರಬೇಕು.

ಈ ಪದ್ಧತಿ ಉಳಿಯುತ್ತದೆ ಅಂತ ಧೈರ್ಯವಾಗಿ ಹೇಳುವ ಹಾಗಿಲ್ಲ. 2024ರ ನವೆಂಬರ್‌ನಲ್ಲಿ ಇದನ್ನು ತೆಗೆದುಹಾಕುವ ಪ್ರಸ್ತಾಪ ಮತ್ತೆ ಜನರ ಮುಂದೆ ಬಂತು. ಹಾಕಿದ ಮತ 3 ಲಕ್ಷ 20 ಸಾವಿರಕ್ಕೂ ಜಾಸ್ತಿ. ಮರುಎಣಿಕೆಯ ಮೇಲೂ ಪದ್ಧತಿ ಉಳಿದದ್ದು 743 ಮತಗಳಿಂದ. ಮರ್ಕೌಸ್ಕಿ ಅವರ ಈಗಿನ ಅವಧಿ ಮುಗಿಯುವುದು 2029ರ ಜನವರಿಗೆ, ಹಾಗಾಗಿ ಆ ಸ್ಥಾನಕ್ಕೆ ಮುಂದಿನ ಚುನಾವಣೆ 2028ರಲ್ಲಿ. ಆಗ ಅವರು ನಿಲ್ಲಲಿ, ಬಿಡಲಿ, ಯಾರೇ ನಿಂತರೂ ಆ ರಾಜ್ಯದ ಎಲ್ಲ ಮತದಾರರ ಮುಂದೆ ನಿಂತು ಗೆಲ್ಲಲಿ, ಸೋಲಲಿ ಅನ್ನುವುದು ನನ್ನ ಆಸೆ. ಚಿಬಾಕಾ ಥರದವರು ಹಾಗೆ ಗೆದ್ದರೂ ನಾನು ಅದನ್ನು ನ್ಯಾಯವಾದ ಗೆಲುವು ಅಂತಲೇ ಒಪ್ಪುತ್ತೇನೆ.

ಪ್ರಾಶಸ್ತ್ಯದ ಎಣಿಕೆ ಸುತ್ತುಸುತ್ತಾಗಿ ಹೇಗೆ ನಡೆಯುತ್ತದೆ ಅಂತ ಕೆಲವರು ಮೊದಲೇ ಚೀಟಿ ಬರೆದು ಕೊಟ್ಟಿದ್ದೀರಿ. ಅದನ್ನು ಈಗ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಉಳಿದ ಪ್ರಶ್ನೆಗಳನ್ನು ಅದರ ಜೊತೆಗೇ ಕೇಳಿ.